ಬರೆಯದ ಪುಸ್ತಕಕ್ಕೆ ರಟ್ಟು ಕಟ್ಟಿದ್ದು

1968ರಲ್ಲಿ ನಾನು ಓದು ನಿಲ್ಲಿಸಿದೆ. ಏಳನೇ ಕ್ಲಾಸಿನ ಪರೀಕ್ಷೆಗೆ ಇನ್ನೊಂದು ತಿಂಗಳಿತ್ತು. ಬಡತನದಿಂದ ಬಿಟ್ಟೆ ಎಂದು ಬರೆದರೆ ಓದುವವರಿಗೆ ಹಿತವಾಗಿರುತ್ತದೆ. ಆದರೆ ನಮ್ಮ ಮನೆಯಲ್ಲಿ ಆಗ ಎರಡು ಹಸು ಇದ್ದವು, ರಾಗಿ ಹೊಲ ಇತ್ತು, ಫೀಸು ಕಟ್ಟಲಾರದ ಸ್ಥಿತಿಯೇನೂ ಇರಲಿಲ್ಲ. ನಡೆದದ್ದು ಇಷ್ಟು. ಕೆಂಗೇರಿಯ ನಮ್ಮ ಶಾಲೆಯ ಹಾಜರಿ ಪುಸ್ತಕಗಳು ಕಿತ್ತುಹೋಗಿದ್ದವು. ಹೆಡ್ ಮೇಷ್ಟ್ರು ಅವನ್ನು ಒಂದು ಚೀಲಕ್ಕೆ ತುಂಬಿ, ರಾಜಾಜಿನಗರದ ಬೈಂಡಿಂಗ್ ಅಂಗಡಿಗೆ ಕೊಟ್ಟು ಬಾ ಎಂದು ನನ್ನನ್ನು ಕಳಿಸಿದರು. ಅಂಗಡಿಯ ಯಜಮಾನರು ನೆಲದ ಮೇಲೆ ಕೂತು ಪುಸ್ತಕ ಹೊಲಿಯುತ್ತಿದ್ದರು. ತಲೆ ಎತ್ತದೆ, "ಈ ದಾರದ ತುದಿ ಹಿಡ್ಕೊಳೋ" ಅಂದರು. ಹಿಡಿದುಕೊಂಡೆ. ಮಾರನೆಯ ದಿನವೂ ಹೋದೆ. ಮೂರನೆಯ ದಿನ ಹೆಡ್ ಮೇಷ್ಟ್ರು ಅಪ್ಪನನ್ನು ಕರೆಸಿ ಕೇಳಿದಾಗ, "ಅವ್ನು ಪುಸ್ತಕದ ಹತ್ರಾನೇ ಇದಾನಲ್ಲ ಸ್ವಾಮಿ" ಎಂದು ಅಪ್ಪ ಹೇಳಿದರಂತೆ.

ಹೀಗೆ ಹಿಡಿದ ದಾರವನ್ನು ನಲವತ್ತೇಳು ವರ್ಷ ಬಿಡಲಿಲ್ಲ. ಈಗ ಬಿಟ್ಟಿದ್ದೇನೆ. ಈ ಕೆಲಸಕ್ಕೆ ಹೊಸದಾಗಿ ಬರುವವರು ನನ್ನನ್ನು ಕೇಳುವುದು ಯಾವ ಮಿಷಿನ್ನು ತಗೊಳ್ಳಬೇಕು, ಯಾವ ಅಂಟು ಒಳ್ಳೆಯದು ಎಂಬ ಎರಡೇ ಪ್ರಶ್ನೆ. ಅದಕ್ಕೆ ಉತ್ತರ ಅಂಗಡಿಯವನೇ ಕೊಡುತ್ತಾನೆ. ನಾನು ಬೇರೆ ಕೆಲವು ಸಂಗತಿ ಬರೆಯುತ್ತೇನೆ.

ಯಜಮಾನರನ್ನು ಎಲ್ಲರೂ ರಾಯರು ಎನ್ನುತ್ತಿದ್ದರು. ಅವರಿಗೆ ಮಾತು ಕಡಿಮೆ. ಕೆಲಸ ಕಲಿಸುವಾಗ ಒಂದು ಸಲ ಮಾಡಿ ತೋರಿಸುವರು, ಎರಡನೇ ಸಲ ಕೇಳಿದರೆ ಕಾಫಿ ಕುಡಿಯಲು ಎದ್ದು ಹೋಗುವರು. ನನ್ನ ಮೊದಲ ದೊಡ್ಡ ತಪ್ಪು ಅವರ ಅಂಗಡಿಯಲ್ಲೇ ಆದದ್ದು. ಒಂದು ಆಫೀಸಿನವರು ತಮ್ಮ ಸಿಬ್ಬಂದಿಯ ಗುಂಪು ಫೋಟೋಗಳನ್ನು ಆಲ್ಬಂ ಮಾಡಿಸಲು ಕೊಟ್ಟಿದ್ದರು. ಅಂಚು ಸಮ ಮಾಡಲು ಕಟಿಂಗ್ ಮಿಷಿನ್ನಿಗೆ ಕೊಟ್ಟಾಗ ನಾನು ಅರ್ಧ ಇಂಚು ಒಳಗೆ ಸರಿಸಿಬಿಟ್ಟೆ. ಬಲತುದಿಯಲ್ಲಿ ನಿಂತಿದ್ದ ಗುಮಾಸ್ತರು ಎಲ್ಲಾ ಫೋಟೋದಲ್ಲೂ ಅರ್ಧ ಹೋದರು. ಅವರೇ ಆಲ್ಬಂ ತಗೊಳ್ಳಲು ಬಂದಿದ್ದರು. ರಾಯರು ಅವರನ್ನು ಮೇಲಿಂದ ಕೆಳಗೆ ನೋಡಿ, "ನಡುವೆ ನಿಂತ್ಕೋಬೇಕಿತ್ತು ನೀವು" ಎಂದು ಹೇಳಿ ಆಲ್ಬಂ ಕೊಟ್ಟು ಕಳಿಸಿದರು. ಗಿರಾಕಿಯ ಎದುರಿಗೆ ನನ್ನನ್ನು ಬಯ್ಯಲಿಲ್ಲ. ಆಮೇಲೆ ಒಂದು ತಿಂಗಳು ನನಗೆ ರದ್ದಿ ಕಾಗದ ಕತ್ತರಿಸುವುದು ಬಿಟ್ಟು ಬೇರೆ ಕೆಲಸ ಕೊಡಲಿಲ್ಲ.

ರಾಯರದು ಒಂದು ಕಟ್ಟಪ್ಪಣೆ ಇತ್ತು. ಒಳಗಿನ ಹಾಳೆಗಳ ಹೊಲಿಗೆ ಮುಗಿದು, ಅಂಟು ಒಣಗಿ, ಅಳತೆ ತೆಗೆದ ಮೇಲೆಯೇ ರಟ್ಟು ಕತ್ತರಿಸಬೇಕು. ಪುಸ್ತಕದ ಬೆನ್ನು ಎಷ್ಟು ದಪ್ಪ ಎಂಬುದು ಪುಸ್ತಕಕ್ಕೆ ಮಾತ್ರ ಗೊತ್ತು, ಬರೆದವನಿಗೂ ಗೊತ್ತಿರುವುದಿಲ್ಲ ಎನ್ನುವರು. ಅವರಿರುವ ತನಕ ನಾನು ಅದನ್ನು ಮೀರಲಿಲ್ಲ.

ರಾಯರು ತೀರಿಹೋದ ಮೇಲೆ ನಾನು ನಾಗರಬಾವಿಯಲ್ಲಿ ಸ್ವಂತ ಅಂಗಡಿ ಇಟ್ಟೆ. ವಿಶ್ವವಿದ್ಯಾಲಯದ ಕ್ಯಾಂಪಸ್ಸು ಹತ್ತಿರ, ಸುತ್ತ ಬಾಡಿಗೆ ರೂಮುಗಳು, ರೂಮಿನ ತುಂಬ ಓದುವವರು. ಲೆಡ್ಜರು, ಹಾಜರಿ ಪುಸ್ತಕ ಕಟ್ಟುತ್ತಿದ್ದವನು ಪಿಎಚ್.ಡಿ. ಮಹಾಪ್ರಬಂಧ ಕಟ್ಟತೊಡಗಿದೆ. ಐದು ಪ್ರತಿ, ಕಪ್ಪು ಅಥವಾ ಕಡುನೀಲಿ ರೆಕ್ಸಿನ್ನು, ಮೇಲೆ ಚಿನ್ನದ ಅಕ್ಷರ. ನನ್ನ ಜೊತೆಗೆ ಕೆಲಸಕ್ಕೆ ಇದ್ದವರು ಸರೋಜಮ್ಮ ಒಬ್ಬರೇ. ವಿಜಯನಗರದಿಂದ ಬಸ್ಸಿನಲ್ಲಿ ಬರುತ್ತಿದ್ದರು. ಅವರ ಹೊಲಿಗೆಯನ್ನು ನಾನೂ ಹಾಕಲಾರೆ. ಅವರ ಬಾಯಿಗೆ ಮಾತ್ರ ಯಾವ ಹೊಲಿಗೆಯೂ ಇರಲಿಲ್ಲ.

ಆ ಹೊತ್ತಿಗೆ ಕೆಲಸದ ರೀತಿಯೇ ಬದಲಾಗಿತ್ತು. ಮೊದಲು ಹಿತ್ತಾಳೆ ಅಕ್ಷರಗಳನ್ನು ಒಂದೊಂದಾಗಿ ಜೋಡಿಸಿ, ಬಿಸಿ ಮಾಡಿ, ಚಿನ್ನದ ಹಾಳೆ ಇಟ್ಟು ಕೈಯಲ್ಲಿ ಒತ್ತುತ್ತಿದ್ದೆವು. ಬಿಸಿ ಹೆಚ್ಚಾದರೆ ರೆಕ್ಸಿನ್ನು ಸುಡುತ್ತಿತ್ತು, ಕಡಿಮೆಯಾದರೆ ಹೆಸರು ಹಿಡಿಯುತ್ತಿರಲಿಲ್ಲ. ನನ್ನ ಬಲಗೈ ಹೆಬ್ಬೆರಳನ್ನು ಇಂದಿಗೂ ಪೂರ್ತಿ ಮಡಿಸಲಾಗದಿರುವುದು ಆ ಬಿಸಿಯಿಂದ. ಆಮೇಲೆ ಫಾಯಿಲ್ ಮಿಷಿನ್ನು ಬಂತು. ಮೈದಾ ಬೇಯಿಸಿ ಹುಳ ಹಿಡಿಯದಂತೆ ಮೈಲುತುತ್ತ ಹಾಕಿ ಅಂಟು ಮಾಡುವುದು ಹೋಗಿ ಡಬ್ಬದ ಬಿಳಿ ಅಂಟು ಬಂತು. ಟೈಪ್ ಮಾಡಿದ ಹಾಳೆಗಳ ಬದಲು ಹುಡುಗರು ಫ್ಲಾಪಿ ತರುವರು, ಎದುರಿನ ಕಂಪ್ಯೂಟರ್ ಅಂಗಡಿಯಲ್ಲಿ ಅದನ್ನು ತೆರೆದರೆ ಅಕ್ಷರವೆಲ್ಲ ಚೌಕ ಚೌಕ ಬರುವುದು, ಆಗ ಅವರು ನನ್ನ ಅಂಗಡಿಯ ಮೆಟ್ಟಿಲ ಮೇಲೆ ಬಂದು ತಲೆ ಹಿಡಿದು ಕೂರುವರು. ಬದಲಾಗದೆ ಉಳಿದದ್ದು ಒಂದೇ. ಎಲ್ಲರಿಗೂ ನಾಳೆಯೇ ಬೇಕಾಗಿತ್ತು.

ರಾಯರ ಅಪ್ಪಣೆ ಮೀರಿದ್ದು ಎರಡು ಸಾವಿರದ ಎರಡೋ ಮೂರೋ ಇರಬೇಕು. ಕಾಲೇಜೊಂದರಲ್ಲಿ ಪಾಠ ಮಾಡುತ್ತಿದ್ದ ಶೈಲಜಾ ಎಂಬ ಮೇಡಂ ಆಗಾಗ ಬರುತ್ತಿದ್ದರು. ಸಂಶೋಧನೆಗೆ ಸೇರಿ ನಾಲ್ಕು ವರ್ಷವಾಗಿತ್ತು, ಎರಡು ಅಧ್ಯಾಯವೂ ಆಗಿರಲಿಲ್ಲ. ಬಂದವರು ರ‍್ಯಾಕಿನಲ್ಲಿ ಒಣಗಲು ಇಟ್ಟ ಬೇರೆಯವರ ಪ್ರಬಂಧಗಳ ಮೇಲೆ ಕೈಯಾಡಿಸಿ ಹೋಗುವರು. ಒಂದು ದಿನ ನನಗೇ ತಡೆಯಲಾಗಲಿಲ್ಲ.

"ನಿಮ್ದು ಎಷ್ಟು ಪುಟ ಆಗ್ಬಹುದು ಮೇಡಂ?"

"ಆದ್ರೆ ಮುನ್ನೂರು ಆಗುತ್ತೆ ಗಂಗಣ್ಣ. ಆದ್ರೆ."

ಮುನ್ನೂರು ಹಾಳೆ ಎಂದರೆ ಒಂದೂಕಾಲು ಇಂಚು ಬೆನ್ನು. ಅವರು ಹೋದ ಮೇಲೆ ರಟ್ಟು ಕತ್ತರಿಸಿ, ನೀಲಿ ರೆಕ್ಸಿನ್ನು ಹಾಕಿ, ಅವರ ವಿಷಯ, ಅವರ ಹೆಸರು, ಮುಂದಿನ ವರ್ಷದ ಇಸವಿ ಎಲ್ಲವನ್ನೂ ಚಿನ್ನದಲ್ಲಿ ಒತ್ತಿ ಖಾಲಿ ರಟ್ಟು ತಯಾರು ಮಾಡಿಟ್ಟೆ. ಮುಂದಿನ ಸಲ ಬಂದಾಗ ಕೊಟ್ಟೆ. ಅವರು ಅದನ್ನು ತೆರೆದರು, ಮುಚ್ಚಿದರು, ಎದೆಗೆ ಅವುಚಿಕೊಂಡು ಹೋದರು.

ಸರೋಜಮ್ಮ ಸೂಜಿಗೆ ದಾರ ಪೋಣಿಸುತ್ತ, "ಒಳಗಡೆ ಏನೂ ಇಲ್ದೇ ಇರೋದನ್ನೂ ಬೈಂಡ್ ಮಾಡಿ ಕೊಡೋಕ್ ಶುರು ಮಾಡಿದ್ರಾ. ಇನ್ಮೇಲೆ ನನ್ಗೆ ಕೆಲ್ಸ ಇಲ್ಲ ಬಿಡಿ" ಅಂದರು.

ಎಂಟು ತಿಂಗಳಿಗೆ ಮೇಡಂ ಬಂದರು. ಇನ್ನೂರ ತೊಂಬತ್ತೊಂದು ಪುಟ. ಊಟದ ಮೇಜಿನ ಮೇಲೆ ಖಾಲಿ ರಟ್ಟು ಬಿದ್ದಿರುತ್ತಿತ್ತಂತೆ, ಪ್ರತಿ ಸಲ ಅದನ್ನು ಎತ್ತಿಟ್ಟು ತಟ್ಟೆ ಇಡಬೇಕಾಗಿತ್ತಂತೆ. "ಆ ಇಸವಿ ನೋಡೀ ನೋಡೀ ಅನ್ನ ಇಳೀತಿರ್ಲಿಲ್ಲ" ಅಂದರು. ಆ ರಟ್ಟಿನಲ್ಲೇ ಅವರ ಪ್ರತಿಯನ್ನು ಕೂರಿಸಿದೆ. ಅಳತೆ ಮಾಡಿ ಹೊಲಿಸಿದ ರವಿಕೆಯಂತೆ ಕೂತಿತು.

ಸುದ್ದಿ ಹಬ್ಬಿತು. ಬರೆಯಲಾಗದೆ ನಿಂತವರೆಲ್ಲ ಖಾಲಿ ರಟ್ಟು ಕೇಳಿಕೊಂಡು ಬರತೊಡಗಿದರು. ನಾನು ಮೂರೇ ಪ್ರಶ್ನೆ ಕೇಳುತ್ತಿದ್ದೆ: ಹೆಸರು, ಪುಟ, ಇಸವಿ. ಪುಟ ಎಷ್ಟು ಎಂದು ಕೇಳಿದಾಗ ಅವರ ಮುಖ ನೋಡಿದರೆ ಸಾಕು, ಬರೆಯುವವರೋ ಅಲ್ಲವೋ ಗೊತ್ತಾಗುತ್ತಿತ್ತು. ಅರ್ಥಶಾಸ್ತ್ರದವರೊಬ್ಬರು ಎರಡೂವರೆ ಇಂಚಿನ ಬೆನ್ನು ಬೇಕು ಅಂದರು. ಬೇಡ ಸಾರ್ ಎಂದೆ, ಕೇಳಲಿಲ್ಲ. ಕೊನೆಗೆ ಬೆನ್ನು ತುಂಬಿಸಲು ನ್ಯಾಯಬೆಲೆ ಅಂಗಡಿಗಳ ವಿಳಾಸದ ಪಟ್ಟಿಯನ್ನೇ ಇನ್ನೂರು ಪುಟ ಅನುಬಂಧವಾಗಿ ಸೇರಿಸಿ ತಂದರು. ಕಟ್ಟಿಕೊಟ್ಟೆ. ಅವರಿಗೆ ಡಾಕ್ಟರೇಟೂ ಬಂತು. ಆ ಪಟ್ಟಿಯನ್ನು ಓದಿದ ಪುಣ್ಯಾತ್ಮ ಯಾರೋ ಗೊತ್ತಿಲ್ಲ.

ಬಸವರಾಜ ಬಂದದ್ದು ಆಮೇಲೆ. ಗದಗಿನ ಕಡೆಯವನು, ಮೂವತ್ತರ ಒಳಗಿನವನು. ನಾಯಂಡಹಳ್ಳಿಯ ಒಂದು ಗೋಡೌನಿನಲ್ಲಿ ಬಂದ ಸರಕು, ಹೋದ ಸರಕು ಬರೆದಿಡುವ ಕೆಲಸ. ಅದರ ನಡುವೆ ಕನ್ನಡದಲ್ಲಿ ಪಿಎಚ್.ಡಿ. ಮಾಡುತ್ತಿದ್ದ. ವಿಷಯ, ಕನ್ನಡ ಕಾದಂಬರಿಗಳಲ್ಲಿ ಪಾತ್ರಗಳ ಕನಸು ಮತ್ತು ಗುರಿ. ಹಾಗೆಂದರೇನು ಎಂದು ಕೇಳಿದೆ. ನಾನು ಎಲ್ಲರನ್ನೂ ಕೇಳುತ್ತಿದ್ದೆ. ಹಾಳೆ ಜೋಡಿಸುವಾಗ ತಲೆಯಲ್ಲಿ ಏನಾದರೂ ಇರಬೇಕಲ್ಲ.

"ಭಾಳ ಸರಳ ಐತ್ರಿ ಅಣ್ಣಾರ" ಅಂದ. "ಕಾದಂಬರಿ ಒಳಗ ಒಬ್ಬಾವಗ ಏನೋ ಒಂದು ಬೇಕಾಗಿರತೈತಿ. ಭೂಮಿ ಬೇಕು, ಹುಡುಗಿ ಬೇಕು, ಮರ್ಯಾದಿ ಬೇಕು. ಅದು ಸಿಗೂತನಕ ಅವ ನಡೀತಾನ್ರಿ, ಅವನ ಹಿಂದ ನಾವೂ ಓದತೇವ್ರಿ. ಸಿಕ್ಕ ಕೂಡಲೆ ಅವ ಕುಂಡ್ರತಾನ. ಕಥಿ ಮುಗೀತು."

"ಸಿಗದೇ ಹೋದ್ರೆ?"

"ಅದs ನನ್ನ ಐದನೇ ಅಧ್ಯಾಯ ನೋಡ್ರಿ" ಅಂದು ನಕ್ಕ.

ನನಗೆ ಹುಡುಗ ಹಿಡಿಸಿದ. ಅವನ ರಟ್ಟಿಗೆ ನನ್ನಲ್ಲಿದ್ದ ಒಳ್ಳೆಯ ಕಡುಗೆಂಪು ರೆಕ್ಸಿನ್ನು ತೆಗೆದೆ. ಮುನ್ನೂರು ಪುಟದ ಅಳತೆ. ಚಿನ್ನದ ಅಕ್ಷರವನ್ನು ಮಿಷಿನ್ನಿಗೆ ಕೊಡದೆ ಕೈಯಲ್ಲೇ ಒತ್ತಿದೆ. ಮುಗಿಸಿ ರ‍್ಯಾಕಿನಲ್ಲಿಟ್ಟರೆ ಖಾಲಿ ರಟ್ಟು ನಿಲ್ಲದೆ ಅಡ್ಡ ಬಿತ್ತು. ಖಾಲಿ ರಟ್ಟು ಎಲ್ಲಾ ಕಾಲಕ್ಕೂ ಬೀಳುತ್ತದೆ, ಅದರಲ್ಲಿ ಹೊಸದೇನಿಲ್ಲ. ಆದರೆ ಅಂಥ ಕೆಲಸ ಸೊಟ್ಟ ಬಿದ್ದಿರುವುದು ನನ್ನ ಕಣ್ಣಿಗೆ ಹಿಡಿಸಲಿಲ್ಲ. ಮುನ್ನೂರು ಬಿಳಿ ಹಾಳೆ ಎಣಿಸಿ, ಸರೋಜಮ್ಮನ ಕೈಲಿ ಹೊಲಿಸಿ, ಒಳಗೆ ಕೂರಿಸಿದೆ. ನೆಟ್ಟಗೆ ನಿಂತಿತು. ಅಂಗಡಿಗೆ ಬಂದವರೆಲ್ಲ ಒಮ್ಮೆ ನೋಡಿ ಹೋಗುವಷ್ಟು ಚೆನ್ನಾಗಿತ್ತು. ಬಸವರಾಜನಿಗೆ ಕೊಡುವಾಗ ನನಗೆ ಹೆಮ್ಮೆಯಾಗಿತ್ತು ಎಂಬುದನ್ನೂ ಬರೆಯಬೇಕು. ನನ್ನ ಕೆಲಸದ ಜೀವನದ ನಿಜವಾದ ತಪ್ಪು ಅದೇ.

ಅವನು ಮತ್ತೆ ಬರಲಿಲ್ಲ. ಒಂದು ವರ್ಷ ಹೋಯಿತು, ರಟ್ಟಿನ ಮೇಲೆ ಒತ್ತಿದ್ದ ಇಸವಿಯೂ ಬಂದು ಹೋಯಿತು. ಬರೆಯುತ್ತಿರಬೇಕು ಎಂದುಕೊಂಡೆ.

ಒಂದು ಶನಿವಾರ ಬೆಳಿಗ್ಗೆ ಹೆಣ್ಣುಮಗಳೊಬ್ಬಳು ಬಂದಳು. ಕೈಯಲ್ಲಿ ಅದೇ ಕಡುಗೆಂಪು ಪುಸ್ತಕ. ಹೆಸರು ಶಾಂತಾ, ಬಸವರಾಜನ ಹೆಂಡತಿ, ಮದುವೆಯಾಗಿ ನಾಲ್ಕು ತಿಂಗಳು. ಪುಸ್ತಕವನ್ನು ಮೇಜಿನ ಮೇಲಿಟ್ಟು ನಡುವೆ ತೆರೆದಳು.

"ಇದನ್ನ ಬೈಂಡ್ ಮಾಡಿದವರು ನೀವs ಏನ್ರಿ?"

"ಹೌದಮ್ಮ."

"ನೋಡ್ರಿ ಹಂಗಾರ. ಒಂದ ಅಕ್ಷರ ಇಲ್ಲ. ಅವರು ಇಷ್ಟ ಕಷ್ಟಪಟ್ಟು ಬರದಾರ, ನೀವು ಖಾಲಿ ಹಾಳಿ ಹಾಕಿ ಕಟ್ಟಿ ಕೊಟ್ಟೀರಿ. ನಮ್ಮಪ್ಪ ಊರಾಗ ಎಲ್ಲಾರಿಗೂ ಹೇಳ್ಯಾನ, ಅಳಿಯ ಡಾಕ್ಟರ್ ಅಂತ. ನಾ ಓದಬೇಕಂತ ಇವತ್ತ ತಗದೀನಿ."

ಸರೋಜಮ್ಮನ ಸೂಜಿ ನಿಂತಿತು. ನನಗೆ ವಿಷಯ ಪೂರ್ತಿ ಗೊತ್ತಿಲ್ಲದಿದ್ದರೂ ಸುಮಾರಾಗಿ ತಿಳಿಯಿತು. ಹೆಣ್ಣಿನ ಕಡೆಯವರು ಅವನ ರೂಮಿಗೆ ಬಂದಿದ್ದಾರೆ, ಗೂಡಿನಲ್ಲಿ ಚಿನ್ನದ ಅಕ್ಷರದ ಪುಸ್ತಕ ನೆಟ್ಟಗೆ ನಿಂತಿದೆ. ಅಂಥ ಪುಸ್ತಕವನ್ನು ಯಾರೂ ತೆರೆದು ನೋಡುವುದಿಲ್ಲ.

ಇಲ್ಲಿ ನನ್ನ ಮುಂದೆ ಎರಡು ದಾರಿ ಇದ್ದವು. ನಿಜ ಹೇಳಿದರೆ ನಾಲ್ಕು ತಿಂಗಳ ಸಂಸಾರ ಅಂದೇ ಮುಗಿಯುತ್ತಿತ್ತು. ಇನ್ನೊಂದು ದಾರಿಯಲ್ಲಿ ನನ್ನ ಹೆಸರು ಹೋಗುತ್ತಿತ್ತು. ಹಾಳೆ ಹಿಂದು ಮುಂದಾಗಿ ಕಟ್ಟಿದ ಎಂದು ಕೂಡ ಯಾರೂ ನನ್ನನ್ನು ಅಂದಿರಲಿಲ್ಲ. ಪುಸ್ತಕವನ್ನು ಮುಚ್ಚಿ ನನ್ನ ಕಡೆ ಎಳೆದುಕೊಂಡೆ.

"ನನ್ನ ತಪ್ಪಮ್ಮ" ಅಂದೆ. "ಅಳತೆಗೆ ಅಂತ ಇಟ್ಟಿದ್ದ ಬಿಳಿ ಕಟ್ಟು ನಿಮ್ಮೋರಿಗೆ ಬಂದ್ಬಿಟ್ಟಿದೆ. ಸರಿ ಮಾಡಿ ಕೊಡ್ತೀನಿ."

"ಎಷ್ಟ ದಿನಾ ಬೇಕ್ರಿ?"

"ಸ್ವಲ್ಪ ಟೈಮ್ ಹಿಡಿಯುತ್ತೆ."

"ಶನಿವಾರ ಬರ್ತೀನ್ರಿ" ಅಂದು ಹೋದಳು.

ಸರೋಜಮ್ಮ ಬಹಳ ಹೊತ್ತು ಸುಮ್ಮನಿದ್ದರು. ನನ್ನ ನೆನಪಿನಲ್ಲಿ ಅದೊಂದೇ ಸಲ. ಆಮೇಲೆ, "ನಾನ್ ಹೊಲಿದಿದ್ದು ಅದು. ಹೊಲಿಗೆ ಚೆನ್ನಾಗಿದೆ ಅಂತಾನಾದ್ರೂ ಹೇಳ್ಬೋದಿತ್ತು" ಅಂದರು.

ಸಂಜೆಯೇ ಬಸವರಾಜನ ಗೋಡೌನಿಗೆ ಹೋದೆ. ಅವನು ಮೂಟೆಗಳ ನಡುವೆ ನಿಂತು ಲಾರಿಯ ನಂಬರು ಬರೆದುಕೊಳ್ಳುತ್ತಿದ್ದ. ನನ್ನನ್ನು ನೋಡಿ ಪೆನ್ನು ಜೇಬಿಗೆ ಹಾಕಿದ.

"ನಿಮ್ ಮನೆಯೋರು ಬಂದಿದ್ರು."

"ಏನ್ ಹೇಳಿದ್ರಿ?"

"ನನ್ನ ತಪ್ಪು ಅಂದೆ."

ಅವನು ಮೂಟೆಯ ಮೇಲೆ ಕೂತುಬಿಟ್ಟ. "ನಾ ಸುಳ್ಳ ಹೇಳಿಲ್ರಿ ಅಣ್ಣಾರ. ಅವರು ಕೇಳಲಿಲ್ಲ, ನಾ ಹೇಳಲಿಲ್ಲ. ಎಲ್ಲಾರೂ ಡಾಕ್ಟರs ಅನ್ನಾಕ ಹತ್ತಿದ್ರು. ಪೆನ್ ಹಿಡದ್ರ ಯಾಕ ಬರೀಬೇಕು ಅನ್ನಸ್ತಿತ್ತು."

"ಎಷ್ಟಾಗಿದೆ?"

"ಎರಡ ಅಧ್ಯಾಯ. ಅದೂ ನೀವು ರಟ್ಟು ಕೊಡೂಕಿಂತ ಮೊದಲ ಬರದದ್ದು."

ನೋಂದಣಿಯ ಅವಧಿ ಒಂದು ಸಲ ವಿಸ್ತರಣೆಯಾಗಿತ್ತು, ಇನ್ನು ಎಂಟು ತಿಂಗಳು ಉಳಿದಿತ್ತು. ಅದು ದಾಟಿದರೆ ಸಲ್ಲಿಸಲು ಬರುವುದಿಲ್ಲ, ಮೊದಲಿನಿಂದ ಆಗಬೇಕು. ಅಂದರೆ ಆಗುವುದಿಲ್ಲ. ಬೆಳಿಗ್ಗೆ ಆರೂವರೆಗೆ ಅಂಗಡಿ ತೆಗೆಯುತ್ತೇನೆ, ಗೋಡೌನು ಹತ್ತಕ್ಕೆ ಶುರು, ನಡುವೆ ಸರೋಜಮ್ಮನ ಮೇಜು ಖಾಲಿ ಇರುತ್ತದೆ ಎಂದೆ. ಮನೆಯಲ್ಲಿ ಏನೆಂದು ಹೇಳಲಿ ಎಂದು ಕೇಳಿದ. "ಗೋಡೌನಲ್ಲಿ ಬೇಗ ಲಾರಿ ಬರುತ್ತೆ ಅನ್ನು. ಒಂದು ಸುಳ್ಳಾದ್ರೂ ನೀನೇ ಹೇಳು" ಅಂದೆ.

ಸೋಮವಾರದಿಂದ ಬಂದ. ಅವನು ಬರೆಯುವುದು, ನಾನು ಎದುರಿಗೆ ರಟ್ಟು ಕತ್ತರಿಸುವುದು. ಒಂಬತ್ತಕ್ಕೆ ಸರೋಜಮ್ಮ ಬಂದು, "ಏಳಿ ಡಾಕ್ಟ್ರೇ, ನಮ್ಗೂ ಹೊಟ್ಟೆಪಾಡಿದೆ" ಎಂದು ಅವನನ್ನು ಮೇಜಿನಿಂದ ಎಬ್ಬಿಸುವುದು. ಡಾಕ್ಟ್ರೇ ಎಂದಾಗಲೆಲ್ಲ ಅವನ ಕಿವಿ ಕೆಂಪಾಗುತ್ತಿತ್ತು. ಅದಕ್ಕೇ ಅವರು ಬೇಕೆಂದೇ ಕರೆಯುತ್ತಿದ್ದರು.

ಶಾಂತಾ ಪ್ರತಿ ಶನಿವಾರ ತಪ್ಪದೆ ಬಂದಳು. ಹನ್ನೊಂದು ಗಂಟೆಗೆ, ತರಕಾರಿ ಚೀಲದ ಸಮೇತ.

"ಆತೇನ್ರಿ?"

"ಮೂರನೇ ಅಧ್ಯಾಯ ಒಣಗ್ತಾ ಇದೆಯಮ್ಮ."

"ಹೋದ ವಾರಾನೂ ಅದನ್ನs ಹೇಳಿದ್ರಿ."

"ಮಳೆಗಾಲ ಅಲ್ವಾ. ಅಂಟು ಬೇಗ ಹಿಡಿಯಲ್ಲ."

ಅಂಗಡಿಯಲ್ಲಿ ಆಗ ಗಿರಾಕಿಗಳೂ ಇರುತ್ತಿದ್ದರು. ಅವಳು ದನಿ ತಗ್ಗಿಸುವವಳಲ್ಲ. ಗಂಗಣ್ಣ ಯಾರದ್ದೋ ಪ್ರಬಂಧಕ್ಕೆ ಬಿಳಿ ಹಾಳೆ ಹಾಕಿ ಕಟ್ಟಿದನಂತೆ, ತಿಂಗಳಾದರೂ ಸರಿ ಮಾಡಿಲ್ಲವಂತೆ ಎಂದು ಕ್ಯಾಂಪಸ್ಸಿನಲ್ಲೆಲ್ಲ ಮಾತಾಯಿತು. ಹುಡುಗರು ನನಗೆ ಬಿಳಿ ಹಾಳೆ ಗಂಗಣ್ಣ ಎಂದು ಹೆಸರಿಟ್ಟರು. ಕೆಲವರು ಕಟ್ಟಿಸಿಕೊಂಡು ಹೋಗುವ ಮುಂಚೆ ನನ್ನ ಎದುರಿಗೇ ಪುಟ ತಿರುವಿ ನೋಡತೊಡಗಿದರು. ಇನ್ನು ಕೆಲವರು ಹೊಸದಾಗಿ ಬಂದ ಸ್ಪೈರಲ್ ಅಂಗಡಿಗೆ ಹೋದರು. ಬಸವರಾಜನ ಗೈಡು ಮೇಷ್ಟ್ರೂ ಒಂದು ದಿನ ಬಂದರು. ಸಂಭಾವಿತರು. "ಏನ್ರೀ ಗಂಗಣ್ಣ, ನಿಮ್ಮಂಥೋರೇ ಹೀಗ್ ಮಾಡಿದ್ರೆ ಹೇಗೆ? ಯಾರ ಥೀಸಿಸ್ಸು ಅದು?" ಅಂದರು. ಹೆಸರು ನೆನಪಿಲ್ಲ ಸಾರ್ ಅಂದೆ. ಅವರು ಮರುಕದಿಂದ ನನ್ನನ್ನು ನೋಡಿ, ಕಣ್ಣು ಪರೀಕ್ಷೆ ಮಾಡಿಸಿಕೊಳ್ಳಲು ಹೇಳಿ ಹೋದರು. ಮಾಡಿಸಿಕೊಂಡೆ. ಕಣ್ಣು ಚೆನ್ನಾಗಿತ್ತು.

ಆರು ತಿಂಗಳಾದಾಗ ನಾಲ್ಕು ಅಧ್ಯಾಯ ಮುಗಿದಿದ್ದವು. ಐದನೆಯದು ಹೊರಡಲೇ ಇಲ್ಲ. ಎರಡು ವಾರ ಅವನು ಸುಮ್ಮನೆ ಬಂದು ಕೂತು ಎದ್ದು ಹೋದ. ಮೂರನೇ ವಾರ ಒಂದು ಬೆಳಿಗ್ಗೆ, ರ‍್ಯಾಕಿನ ಮೇಲ್ಗಡೆ ಯಾರೂ ತಗೊಂಡು ಹೋಗದೆ ಉಳಿದ ಹಳೆಯ ಪ್ರಬಂಧಗಳನ್ನು ಕೆಳಗಿಳಿಸಿ ಪುಟ ತಿರುವುತ್ತಿದ್ದ.

"ಏನ್ ಹುಡುಕ್ತಿದೀಯಾ?"

"ಏನಿಲ್ರಿ. ಇವರದೂ ಕಾದಂಬರಿ ಮ್ಯಾಲೆ ಐತಿ. ಒಂದು ನೂರು ಪುಟ ಇಲ್ಲಿಂದ ಹಾಕ್ಕೊಂಡ್ರ ಯಾರಿಗೂ ಗೊತ್ತಾಗಂಗಿಲ್ಲ."

"ನಂಗೆ ಗೊತ್ತಾಗುತ್ತೆ. ಅದನ್ನ ಕಟ್ಟಿದ್ದೂ ನಾನೇ."

"ಹಂಗಾರ ಏನ್ ಮಾಡ್ಲಿ ಅಣ್ಣಾರ? ನಂದು ಎಷ್ಟ್ ಎಳದ್ರೂ ಇನ್ನೂರ ಚಿಲ್ಲರ ಆಗತೈತಿ. ರಟ್ಟು ಮುನ್ನೂರರದು. ಒಂದೂಕಾಲು ಇಂಚು. ಅಕಿ ದಿನಾ ಅದನ್ನ ನೋಡ್ಯಾಳ. ತೆಳ್ಳಗ ತಗೊಂಡ್ ಹೋದ್ರ ಉಳಿದದ್ದು ಎಲ್ಲಿ ಅಂತಾಳ."

ಆಗ ನನಗೆ ಅರ್ಥವಾಯಿತು. ಅವನನ್ನು ನಿಲ್ಲಿಸಿದ್ದು ಐದನೇ ಅಧ್ಯಾಯವಲ್ಲ, ನಾನು ಕೊಟ್ಟ ಅಳತೆ. ಕಪಾಟಿನಿಂದ ಆ ಕಡುಗೆಂಪು ಪುಸ್ತಕ ತೆಗೆದೆ. ಬಿಳಿ ಹಾಳೆಯ ಕಟ್ಟನ್ನು ಕಿತ್ತು ಪಕ್ಕಕ್ಕೆ ಹಾಕಿದೆ. ರಟ್ಟನ್ನು ಮೇಜಿನ ಮೇಲೆ ಹರಡಿ, ಉಕ್ಕಿನ ಪಟ್ಟಿ ಇಟ್ಟು, ಬೆನ್ನನ್ನು ಮೇಲಿಂದ ಕೆಳಗೆ ಚಾಕುವಿನಿಂದ ಸೀಳಿದೆ. ನನ್ನ ಕೈಯಿಂದ ಒತ್ತಿದ ಚಿನ್ನದ ಅಕ್ಷರ ಅದು. ಅಷ್ಟು ಚೆನ್ನಾಗಿ ಆಮೇಲೆ ನನಗೆ ಎಂದೂ ಬಂದಿಲ್ಲ.

"ಈಗ ಅಳತೆ ಇಲ್ಲ" ಅಂದೆ. "ನೀನು ಎಷ್ಟು ಬರೀತೀಯೋ ಅಷ್ಟಕ್ಕೆ ಬೆನ್ನು ಕಟ್ತೀನಿ. ನಲವತ್ತು ಪುಟ ಆದ್ರೆ ನಲವತ್ತಕ್ಕೇ."

ಅವನು ಸೀಳಿದ ರಟ್ಟನ್ನೇ ನೋಡುತ್ತ ನಿಂತಿದ್ದ. ಅಷ್ಟರಲ್ಲಿ ಬಂದ ಸರೋಜಮ್ಮ ಬಾಗಿಲಲ್ಲೇ ಎಲ್ಲ ಕೇಳಿಸಿಕೊಂಡಿದ್ದರು. "ನೋಡಿ ಡಾಕ್ಟ್ರೇ" ಅಂದರು, "ಐದನೇ ಅಧ್ಯಾಯ ಏನು ಅಂದಿದ್ರಿ? ಬೇಕಾಗಿದ್ದು ಸಿಗ್ದೇ ಹೋದೋರ ಕಥೆ ತಾನೇ? ಅದನ್ನ ಬರಿಯೋಕೆ ಬೇರೆಯೋರ ಪುಸ್ತಕ ಯಾಕೆ ನಿಮ್ಗೆ?"

ಅವನಿಗೆ ಸಿಟ್ಟು ಬಂತು. ಮುಖ ತಿರುಗಿಸಿ ಹೊರಟುಹೋದ. ಎರಡು ದಿನ ಬರಲಿಲ್ಲ. ಮೂರನೇ ದಿನ ಆರೂವರೆಗೆ ನಾನು ಬರುವ ಮುಂಚೆಯೇ ಮೆಟ್ಟಿಲ ಮೇಲೆ ಕೂತು, ತೊಡೆಯ ಮೇಲೆ ಪುಸ್ತಕ ಇಟ್ಟುಕೊಂಡು ಬರೆಯುತ್ತಿದ್ದ. ಬಾಗಿಲು ತೆಗೆದದ್ದೂ ಅವನಿಗೆ ತಿಳಿಯಲಿಲ್ಲ.

ಆ ಶನಿವಾರ ಶಾಂತಾ ಬಂದು ಸೀಳಿದ ರಟ್ಟು ನೋಡಿದಳು.

"ಇದನ್ಯಾಕ ಹರದ್ರಿ?"

"ಬಿಚ್ಚದೆ ರಿಪೇರಿ ಆಗಲ್ಲಮ್ಮ."

ಅವಳು ರಟ್ಟಿನ ಎರಡು ತುಂಡು ಎತ್ತಿ ಒಂದಕ್ಕೊಂದು ಹೊಂದಿಸಿ ನೋಡಿ, ಮತ್ತೆ ಇಟ್ಟಳು. "ಜಲ್ದಿ ಮಾಡ್ರಿ. ಹೊತ್ತ ಆಗಾಕ ಹತ್ತೇತಿ" ಅಂದಳು. ಯಾವುದಕ್ಕೆ ಹೊತ್ತು ಎಂದು ಅವಳು ಹೇಳಲಿಲ್ಲ, ನಾನು ಕೇಳಲಿಲ್ಲ.

ಕೊನೆಯ ದಿನಾಂಕ ಒಂದು ಬುಧವಾರ ಬಂದಿತ್ತು. ಸೋಮವಾರ ಮಧ್ಯಾಹ್ನ ಎದುರಿನ ಅಂಗಡಿಯಲ್ಲಿ ಪ್ರಿಂಟು ತೆಗೆದು ಮುಗಿಯಿತು. ಇನ್ನೂರ ಹದಿನಾಲ್ಕು ಪುಟ, ಆರು ಪ್ರತಿ. ಕೊಡಬೇಕಾದದ್ದು ಐದು, ಮನೆಗೊಂದು. ಗೈಡು ಮೇಷ್ಟ್ರು ಪ್ರಮಾಣಪತ್ರದ ಪುಟಕ್ಕೆ ಸಹಿ ಹಾಕಿದರು. ಸರೋಜಮ್ಮ ಅಂದು ವಿಜಯನಗರದ ಕೊನೆಯ ಬಸ್ಸು ಯಾವುದು ಎಂದು ಕೇಳಲೂ ಇಲ್ಲ, ಕತ್ತಲಾಗುವ ಹೊತ್ತಿಗೆ ಆರನ್ನೂ ಹೊಲಿದು ಕೊಟ್ಟು ಹೋದರು. ಒಣಗಿದ ಮೇಲೆ ಅಳತೆ ಹಿಡಿದೆ. ಒಂದು ಇಂಚಿಗೆ ಒಂದು ನೂಲು, ಅಂದರೆ ಇಂಚಿನ ಎಂಟನೇ ಒಂದು ಭಾಗ, ಕಡಿಮೆ. ಅದಕ್ಕೆ ಸರಿಯಾಗಿ ರಟ್ಟು ಕತ್ತರಿಸಿದೆ. ಕಡುಗೆಂಪು ಮುಗಿದುಹೋಗಿತ್ತು, ಕಪ್ಪು ಹಾಕಿದೆ. ಬುಧವಾರ ಬೆಳಿಗ್ಗೆ ಐದನ್ನು ಗೋಣಿಚೀಲದಲ್ಲಿ ಸುತ್ತಿ ಅವನು ಆಟೋದಲ್ಲಿ ಕ್ಯಾಂಪಸ್ಸಿಗೆ ಒಯ್ದ. ಮಧ್ಯಾಹ್ನ ರಸೀದಿ ತಂದು ತೋರಿಸಿದ. ಏನೋ ಹೇಳಲು ಬಾಯಿ ತೆರೆದ. ಸರೋಜಮ್ಮ, "ಹೋಗಿ ಊಟ ಮಾಡಿ ಡಾಕ್ಟ್ರೇ" ಅಂದರು. ಅಂದು ಅವನ ಕಿವಿ ಕೆಂಪಾಗಲಿಲ್ಲ.

ಶನಿವಾರ ಶಾಂತಾ ಬಂದಳು. ಆರನೆಯ ಪ್ರತಿಯನ್ನು ಮೇಜಿನ ಮೇಲಿಟ್ಟೆ. ಅವಳು ಚೀಲ ಕೆಳಗಿಟ್ಟು, ಬೆಂಚಿನ ಮೇಲೆ ಕೂತು, ಹೆಬ್ಬೆರಳು ಒದ್ದೆ ಮಾಡಿಕೊಂಡು ಮೊದಲ ಪುಟದಿಂದ ತಿರುವತೊಡಗಿದಳು. ಓದಲಿಲ್ಲ. ಪ್ರತಿ ಪುಟದಲ್ಲೂ ಅಕ್ಷರ ಇದೆಯೇ ಎಂದು ಮಾತ್ರ ನೋಡುತ್ತಿದ್ದಳು. ಇನ್ನೂರ ಹದಿನಾಲ್ಕೂ. ಅಂಗಡಿಯಲ್ಲಿ ಮೂವರು ಗಿರಾಕಿಗಳು ಕಾಯುತ್ತಿದ್ದರು.

"ಎಲ್ಲಾ ಅದಾವ್ರಿ" ಅಂದಳು. ಪುಸ್ತಕವನ್ನು ಸೆರಗಿನಲ್ಲಿ ಒರೆಸಿ, ಚೀಲದಲ್ಲಿ ಸೊಪ್ಪಿನ ಕೆಳಗಲ್ಲ, ಮೇಲೆ ಇಟ್ಟಳು. ಮೆಟ್ಟಿಲಿಳಿದವಳು ತಿರುಗಿ ನಿಂತಳು. "ಅಣ್ಣಾರ, ಇಂಥಾ ತಪ್ಪು ಇನ್ನೊಮ್ಮೆ ಮಾಡಬ್ಯಾಡ್ರಿ. ಎಲ್ಲಾರಿಗೂ ನನ್ನಷ್ಟು ಸಮಾಧಾನ ಇರಂಗಿಲ್ಲ."

"ಇಲ್ಲಮ್ಮ, ಮಾಡಲ್ಲ."

ಅವಳು ರಸ್ತೆ ದಾಟುವ ತನಕ ಸರೋಜಮ್ಮ ನೋಡುತ್ತಿದ್ದರು. "ಆ ಹುಡ್ಗೀಗೆ ಮೊದಲ್ನೇ ಶನಿವಾರಾನೇ ಗೊತ್ತಿತ್ತು" ಅಂದರು. ಇರಬಹುದು. ನಾನು ಕೇಳಿಲ್ಲ. ಅವಳಿಗೆ ಗೊತ್ತಿತ್ತು ಎಂದಾದರೆ, ಪ್ರತಿ ಶನಿವಾರ ತರಕಾರಿ ಚೀಲ ಹೊತ್ತು ಬಂದು ಬೈದು ಹೋದವಳು ನನ್ನನ್ನು ಬೈಯುತ್ತಿರಲಿಲ್ಲ ಎಂದಾಗುತ್ತದೆ.

ಬಸವರಾಜನಿಗೆ ಮುಂದಿನ ವರ್ಷ ಡಾಕ್ಟರೇಟ್ ಬಂತು. ಗೋಡೌನಿನ ಕೆಲಸ ಇನ್ನೂ ಎರಡು ವರ್ಷ ಮಾಡಿ, ಆಮೇಲೆ ಹಾವೇರಿ ಕಡೆಯ ಒಂದು ಕಾಲೇಜಿಗೆ ಹೋದ. ಬಿಟ್ಟುಹೋದ ಗಿರಾಕಿಗಳಲ್ಲಿ ಅರ್ಧದಷ್ಟು ಮಂದಿ ನನ್ನಲ್ಲಿಗೆ ವಾಪಸು ಬಂದರು. ಬಿಳಿ ಹಾಳೆ ಗಂಗಣ್ಣ ಎಂಬ ಹೆಸರು ಮಾತ್ರ ಅಂಗಡಿ ಮುಚ್ಚುವ ತನಕ ಇತ್ತು. ಹೊಸ ಹುಡುಗರಿಗೆ ಅದು ಹೇಗೆ ಬಂತೆಂದು ಗೊತ್ತಿರಲಿಲ್ಲ. ನಾನು ಬಿಳಿ ಕಾಗದದ ವ್ಯಾಪಾರವನ್ನೂ ಮಾಡುತ್ತೇನೆ ಎಂದುಕೊಂಡು ರೀಮು ಕೇಳಲು ಬರುತ್ತಿದ್ದರು.

ಖಾಲಿ ರಟ್ಟು ಕೊಡುವುದನ್ನು ನಾನು ನಿಲ್ಲಿಸಲಿಲ್ಲ. ಕೆಲಸ ಕಲಿಯುವವರಿಗೆ ಹೇಳುವುದು ಇಷ್ಟೇ. ಕೇಳಿದವರಿಗೆ ಕೊಡಿ. ಹೆಸರು ಒತ್ತಿ, ಇಸವಿ ಒತ್ತಿ, ಬೆನ್ನು ಮಾತ್ರ ಅಂಟಿಸದೆ ಬಿಡಿ. ಒಳಗೆ ಏನನ್ನೂ ತುಂಬಬೇಡಿ. ಅದು ನಿಲ್ಲಬಾರದು, ಅಡ್ಡ ಬೀಳುತ್ತಿರಬೇಕು, ಎತ್ತಿಡುವ ಕೆಲಸ ಅವರಿಗಿರಬೇಕು.

ಈಗ ನನಗಿರುವುದು: ಉಲ್ಲಾಳದಲ್ಲಿ ಎರಡು ರೂಮಿನ ಮನೆ. ಹೆಂಡತಿ ಒಬ್ಬಳು, ಮಗಳು ಒಬ್ಬಳು, ಮೊಮ್ಮಕ್ಕಳು ಇಬ್ಬರು. ಚಾಕು ಎರಡು,  ಉಕ್ಕಿನ ಪಟ್ಟಿ ಒಂದು, ಕೈಪ್ರೆಸ್ಸು ಒಂದು. ಸರಿಯಾಗಿ ಮಡಿಸುವ ಬೆರಳು ಒಂಬತ್ತು. ಬಸವರಾಜ ತನಗೆಂದು ಏಳನೆಯ ಪ್ರತಿ ಕಟ್ಟಿಸಿಕೊಂಡು, ಊರು ಬಿಡುವ ದಿನ ನನಗೇ ಕೊಟ್ಟುಹೋದ ಪ್ರಬಂಧ ಒಂದು, ಇನ್ನೂರ ಹದಿನಾಲ್ಕು ಪುಟ. ನಾನು ನೂರ ಅರವತ್ತೆರಡನೇ ಪುಟದಲ್ಲಿದ್ದೇನೆ.